ಆರು ಇಂಟರ್ನ್, ಎರಡೋ ಮೂರೋ ಪಿಪಿಒ: ಕೆಲಸ ಮಾಡಿದ್ರೂ ಯಾರ ಕಣ್ಣಿಗೂ ಬೀಳ್ತಿಲ್ಲ, ಏನ್ಮಾಡೋದು?

ಸೆಮಿಕೋಲನ್_ಮರೆತವ

ಬೆಂಗಳೂರಲ್ಲಿ ಎಂಟನೇ ಸೆಮಿಸ್ಟರ್‌ನ ಆರು ತಿಂಗಳ ಸಾಫ್ಟ್‌ವೇರ್ ಇಂಟರ್ನ್‌ಶಿಪ್. ಈಗ ಒಂಬತ್ತನೇ ವಾರ. ಟೀಮಲ್ಲಿ ಆರು ಇಂಟರ್ನ್‌ಗಳು, ಪಿಪಿಒ (ಇಂಟರ್ನ್‌ಶಿಪ್ ಆದ್ಮೇಲೆ ಅದೇ ಕಂಪನಿ ಕೊಡೋ ಕೆಲಸದ ಆಫರ್) ಎರಡೋ ಮೂರೋ ಅಂತ ಗುಸುಗುಸು. ತೊಂದರೆ ಮೂರು:

ಜೊತೆಗಾರನೊಬ್ಬ ಒಳ್ಳೆ ಟಿಕೆಟ್‌ಗಳನ್ನೆಲ್ಲ (ಬೋರ್ಡ್‌ನಲ್ಲಿ ನಂಬರ್ ಹಾಕಿ ಇಟ್ಟಿರೋ ಕೆಲಸಗಳು) ಮೊದಲೇ ಎತ್ಕೊಳ್ತಾನೆ. ನನ್ನ ಪಾಲಿಗೆ ಟೆಸ್ಟ್ ಬರೆಯೋದು, ಪೈಪ್‌ಲೈನ್ (ಕೋಡ್ ಹಾಕಿದಾಗ ತಾನಾಗೇ ಟೆಸ್ಟ್ ಓಡಿಸೋ ವ್ಯವಸ್ಥೆ) ರಿಪೇರಿ.
ಇಬ್ರೂ ಸೇರಿ ಮಾಡಿದ್ದನ್ನ ಡೆಮೊದಲ್ಲಿ ತಾನೊಬ್ಬನೇ ಮಾಡಿದ ಹಾಗೆ ಹೇಳ್ದ.
ನನ್ನ ಪಿಆರ್ (ಪುಲ್ ರಿಕ್ವೆಸ್ಟ್, ನನ್ನ ಕೋಡ್ ನೋಡಿ ಸೇರಿಸ್ಕೊಳ್ಳಿ ಅನ್ನೋ ಮನವಿ) ನಾಲ್ಕೈದು ದಿನ ರಿವ್ಯೂ ಆಗಲ್ಲ, ಅವನದು ಅದೇ ದಿನ ಮರ್ಜ್ ಆಗಿ ಮುಖ್ಯ ಕೋಡ್‌ಗೆ ಸೇರುತ್ತೆ.

ಮಿಡ್ ರಿವ್ಯೂ ಹನ್ನೆರಡನೇ ವಾರಕ್ಕೆ. ಮೂರು ವಾರದಲ್ಲಿ ಏನಾದ್ರೂ ಬದಲಾಯಿಸೋಕಾಗುತ್ತಾ?

---

335ಇ_ಕಿಟಕಿ_ಸೀಟು

ಮೂರು ವಾರ ಸಾಕು. ಆ ಹುಡುಗನ ವಿಷಯ ಆಮೇಲೆ ನೋಡೋಣ. ನಿಮ್ಮ ರಿವ್ಯೂ ಫಾರ್ಮ್ ತುಂಬೋರು ಯಾರು ಅನ್ನೋದನ್ನ ಮೊದಲು ಖಚಿತ ಮಾಡ್ಕೊಳ್ಳಿ. ಇಂಟರ್ನ್ ಸುತ್ತ ಸಾಮಾನ್ಯವಾಗಿ ಮೂರು ಜನ: ದಿನಾ ಡೌಟ್ ಕೇಳೋಕೆ ಒಬ್ಬ ಬಡ್ಡಿ (ಸಾಲದ ಬಡ್ಡಿ ಅಲ್ಲ), ಕೆಲಸ ಹಂಚೋ ಮೆಂಟರ್, ಮೇಲೆ ಮ್ಯಾನೇಜರ್. ಹೆಚ್ಚಿನ ಕಡೆ ಪಿಪಿಒ ಕೊಡಬಹುದು ಅಂತ ಕೊನೆಗೆ ಬರೆಯೋದು ಮ್ಯಾನೇಜರ್, ಮತ್ತು ಅವರು ನಿಮ್ಮ ಕೋಡ್‌ನ ಒಂದು ಸಾಲೂ ಓದಿರೋದಿಲ್ಲ. ಅವರ ಕೈಯಲ್ಲಿರೋದು ಮೆಂಟರ್ ಕಳಿಸಿದ ನಾಲ್ಕು ಸಾಲು, ಟಿಕೆಟ್ ಬೋರ್ಡು, ಡೆಮೊದಲ್ಲಿ ಕಿವಿಗೆ ಬಿದ್ದದ್ದು, ಅಷ್ಟೇ.

ಅದನ್ನ ಹಿಡ್ಕೊಂಡು ಅವರು ಕ್ಯಾಲಿಬ್ರೇಷನ್ ಮೀಟಿಂಗ್‌ಗೆ (ಎಲ್ಲರ ರಿವ್ಯೂ ಒಟ್ಟಿಗೆ ಇಟ್ಟು ನೋಡೋ ಸಭೆ) ಹೋಗ್ತಾರೆ. ಅಲ್ಲಿ ಬೇರೆ ಟೀಮ್‌ಗಳ ಮ್ಯಾನೇಜರ್‌ಗಳೂ ಇರ್ತಾರೆ, ಒಬ್ಬ ಇಂಟರ್ನ್ ಬಗ್ಗೆ ಎರಡು ಮೂರು ನಿಮಿಷ ಮಾತು ಆದ್ರೆ ಹೆಚ್ಚು. "ಈ ಹುಡುಗ ಏನ್ ಮಾಡ್ದ?" ಅಂದಾಗ ನಿಮ್ಮ ಮ್ಯಾನೇಜರ್ ಬಾಯಲ್ಲಿ ಒಂದು ಪೂರ್ತಿ ವಾಕ್ಯ ಬರಬೇಕು. "ಒಳ್ಳೆ ಹುಡುಗ, ಟೆಸ್ಟ್ ಗಿಸ್ಟ್ ಬರೆದ" ಅಂತ ಬಂದ್ರೆ ಮುಗೀತು. ಎಲೆಮರೆಯ ಕಾಯಿಗೆ ಆ ಮೀಟಿಂಗ್‌ನಲ್ಲಿ ಬೆಲೆ ಇಲ್ಲ.

ಈ ವಾರವೇ ಒನ್-ಆನ್-ಒನ್‌ನಲ್ಲಿ ಎರಡು ಪ್ರಶ್ನೆ ಕೇಳಿ. ಒಂದು: "ನಮ್ಮನ್ನ ಒಬ್ಬರ ಎದುರು ಒಬ್ಬರನ್ನ ಇಟ್ಟು ಅಳೀತೀರಾ, ಇಲ್ಲಾ ಇಷ್ಟು ಮಟ್ಟ ಅಂತ ಇದೆಯಾ?" ಬಹಳ ಕಡೆ ಮಟ್ಟ ಅಂತಲೇ ಇರುತ್ತೆ. ಎಲ್ಲರೂ ದಾಟಿದ್ರೆ ಎಲ್ಲರ ಹೆಸರೂ ಮುಂದೆ ಹೋಗುತ್ತೆ, ಆಮೇಲೆ ಹೆಡ್‌ಕೌಂಟ್ (ಮಂಜೂರಾದ ಹುದ್ದೆಗಳ ಸಂಖ್ಯೆ) ಇದ್ದಷ್ಟು ಜನಕ್ಕೆ ಆಫರ್. ಹೆಡ್‌ಕೌಂಟ್ ನಿಮ್ಮ ಕೈಲೂ ಇಲ್ಲ, ಅವನ ಕೈಲೂ ಇಲ್ಲ. ಎಷ್ಟೋ ಸಲ ಮ್ಯಾನೇಜರ್ ಕೈಲೂ ಇರೋದಿಲ್ಲ. "ಎರಡೋ ಮೂರೋ" ಅನ್ನೋ ಗುಸುಗುಸು ಕೇಳ್ಕೊಂಡು ಲೆಕ್ಕ ಹಾಕೋದು ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ ಹಾಗೆ. ಎರಡನೇ ಪ್ರಶ್ನೆ: "ನನ್ನ ಫೀಡ್‌ಬ್ಯಾಕ್‌ಗೆ ಯಾರ್ಯಾರ ಅಭಿಪ್ರಾಯ ತಗೋತೀರ?" ಅವರು ಹೇಳೋ ಹೆಸರುಗಳಲ್ಲಿ ನಿಮ್ಮ ಕೆಲಸವನ್ನೇ ನೋಡದವರು ಯಾರಾದ್ರೂ ಇದ್ರೆ, ಮುಂದಿನ ಮೂರು ವಾರದಲ್ಲಿ ಒಂದು ಪಿಆರ್ ಆದ್ರೂ ಅವರ ಹತ್ರ ರಿವ್ಯೂಗೆ ಹೋಗಲಿ.

ಇನ್ನು ಪ್ರತಿ ಶುಕ್ರವಾರ ನಾಲ್ಕು ಗಂಟೆ ಹೊತ್ತಿಗೆ ಮೆಂಟರ್‌ಗೆ ಐದು ಸಾಲಿನ ಮೇಲ್, ಸಿಸಿಯಲ್ಲಿ ಮ್ಯಾನೇಜರ್. ಉದಾಹರಣೆಗೆ ಹೀಗೆ:

*ಮುಗಿದದ್ದು: ಪೇಮೆಂಟ್ ರೀಟ್ರೈ ಟೆಸ್ಟ್‌ಗಳು, ಟಿಕೆಟ್ 412. ಆಗಾಗ ಸುಮ್ಮನೆ ಫೇಲ್ ಆಗ್ತಿದ್ದ ಎರಡು ಟೆಸ್ಟ್ ಸರಿಯಾದವು. ಕಾರಣ: ಎರಡೂ ಡೇಟಾಬೇಸ್‌ನ ಒಂದೇ ಸಾಲನ್ನ ಬದಲಾಯಿಸ್ತಿದ್ವು.*
*ಅಳತೆ: ಪೈಪ್‌ಲೈನ್ 22 ನಿಮಿಷದಿಂದ 14ಕ್ಕೆ, ಕೊನೆಯ 20 ರನ್‌ಗಳ ಸರಾಸರಿ.*
*ನಿಂತಿರೋದು: ಪಿಆರ್ 87, ಮಂಗಳವಾರದಿಂದ ರಿವ್ಯೂಗೆ ಕಾಯ್ತಿದೆ.*
*ಮುಂದಿನ ವಾರ: ಟಿಕೆಟ್ 430, ಎರಡು ದಿನದ ಕೆಲಸ.*
*ನಿಮ್ಮಿಂದ ಬೇಕಾದ್ದು: ರೀಟ್ರೈ ಮೂರು ಸಲವೋ ಐದು ಸಲವೋ, ಸೋಮವಾರದೊಳಗೆ ತಿಳಿಸಿದ್ರೆ ಸಾಕು.*

"ತುಂಬಾ ಕಲಿತೆ", "ಕಷ್ಟಪಟ್ಟು ಮಾಡ್ದೆ" ಇವೆಲ್ಲ ಬೇಡ. ರಿವ್ಯೂ ಫಾರ್ಮ್ ತುಂಬೋ ರಾತ್ರಿ ಮ್ಯಾನೇಜರ್ ನಿಮ್ಮ ಹೆಸರು ಹಾಕಿ ಮೇಲ್ ಹುಡುಕ್ತಾರೆ, ಸಿಕ್ಕಿದ್ದನ್ನ ಹಾಗೇ ಎತ್ತಿ ಬರೀತಾರೆ. ಆ ರಾತ್ರಿಗಾಗಿ ಬರೆಯೋ ಮೇಲ್ ಇದು.

---

ಧಾರವಾಡದ_ಡಿಬಗ್ಗರ್

ಪಿಆರ್ ನಾಲ್ಕ ದಿನ ಬಿದ್ದೈತಿ ಅಂದ್ರ ಮೊದ್ಲ ಅದರ ಗಾತ್ರ ನೋಡ್ರಿ. 900 ಸಾಲಿನ ಬದಲಾವಣೆ ತಗದು ನೋಡಿದವ್ರು "ಊಟ ಆದ ಮ್ಯಾಲೆ ನೋಡೂಣು" ಅಂತ ಮುಚ್ಚತಾರ. ಆ ಊಟ ಮುಗಿಯೂದ ಇಲ್ಲ. 200 ಸಾಲಿನೊಳಗ ಇಡ್ರಿ. ಹೆಸರು ಬದಲಿ ಮಾಡೂದು, ಫೈಲ್ ಸರಿಸೂದು ಒಂದು ಪಿಆರ್. ನಡವಳಿಕೆ ಬದಲಾಗೂದು ಇನ್ನೊಂದು. ಎರಡೂ ಕೂಡಿಸಿದ್ರ ಖರೇ ಬದಲಾವಣೆ ಎಲ್ಲೈತಿ ಅಂತ ಯಾರಿಗೂ ತಿಳಿಯಂಗಿಲ್ಲ.

ವಿವರಣೆಯೊಳಗ ನಾಲ್ಕ ಮಾತು ಬರೀರಿ: ಏನು ಬದಲಾತು, ಯಾಕ, ಹೆಂಗ ಪರೀಕ್ಷೆ ಮಾಡೂದು, ಯಾವ ಫೈಲಿನಿಂದ ಓದಾಕ ಶುರು ಮಾಡೂದು. ಕಡೀದ್ದನ್ನ ಭಾಳ ಮಂದಿ ಬಿಡತಾರ, ರಿವ್ಯೂ ಮಾಡಾವ್ರಿಗೆ ಹೆಚ್ಚು ಉಪಯೋಗ ಆಗೂದು ಅದ. ಕಳಸೂಕಿಂತ ಮೊದ್ಲ ನಿಮ್ಮ ಡಿಫ್ (ಯಾವ ಸಾಲು ಬದಲಾಗ್ಯಾವ ಅನ್ನೂ ಪಟ್ಟಿ) ನೀವs ಒಂದ್ಸಲ ಓದ್ರಿ. ಮರೆತು ಬಿಟ್ಟ ಪ್ರಿಂಟ್ ಸಾಲು, ಕಮೆಂಟ್ ಮಾಡಿ ಇಟ್ಟ ಹಳೇ ಕೋಡು ಆವಾಗ ಕಾಣತಾವ. ಪೈಪ್‌ಲೈನ್ ಹಸಿರು ಆಗೂತನಕ ಯಾರನ್ನೂ ಕರೀಬ್ಯಾಡ್ರಿ.

ವ್ಯಾಳ್ಯಾನೂ ಮುಖ್ಯ ಐತಿ. ಸಂಜೀ ಏಳಕ್ಕ ಹಾಕಿದ್ದು ಮುಂಜಾನೆ ಇಪ್ಪತ್ತು ಮೆಸೇಜಿನ ಕೆಳಗ ಹೋಗಿರತೈತಿ. ಮುಂಜಾನೆ ಸ್ಟ್ಯಾಂಡಪ್ (ದಿನದ ಸಣ್ಣ ಟೀಮ್ ಮೀಟಿಂಗ್) ಮುಗದ ಕೂಡಲೆ ಹಾಕ್ರಿ, ಇಡೀ ಗ್ರೂಪಿಗೆ ಅಲ್ಲ, ಒಬ್ಬರ ಹೆಸರಿಗೆ. ಗ್ರೂಪಿಗೆ ಕೇಳಿದ್ರ ಎಲ್ಲಾರೂ ಇನ್ನೊಬ್ಬರು ನೋಡತಾರ ಅನ್ಕೋತಾರ. ಗೂಗಲ್ ಬಹಿರಂಗ ಮಾಡಿರೂ ಕೋಡ್ ರಿವ್ಯೂ ಮಾರ್ಗಸೂಚಿಯೊಳಗ ಉತ್ತರಕ್ಕ ಹೆಚ್ಚಂದ್ರ ಒಂದು ಕೆಲಸದ ದಿನ ಅಂತ ಐತಿ. ನಿಮ್ಮ ಟೀಮಿನ ನಿಯಮ ಏನು ಕೇಳ್ರಿ, ಇಲ್ಲಂದ್ರ ಇದನ್ನs ಅಳತೆ ಇಟ್ಕೊಳ್ರಿ. ದಿನ ದಾಟಿದ ಮ್ಯಾಲೆ "ರಿವ್ಯೂ ಪ್ಲೀಸ್" ಅನ್ನಬ್ಯಾಡ್ರಿ. "120 ಸಾಲು ಐತಿ, ರೀಟ್ರೈ ಫೈಲ್ ಒಂದ ನೋಡಿದ್ರ ಸಾಕು, ಇದರ ಮ್ಯಾಲೆ 430 ನಿಂತೈತಿ" ಅನ್ರಿ.

ಕಾಯೂ ಹೊತ್ತಿನ್ಯಾಗ ಅದರ ಮ್ಯಾಲೆ ಇನ್ನೊಂದು ಬ್ರಾಂಚ್ (ಕೋಡಿನ ಬ್ಯಾರೆ ಕವಲು) ಕಟ್ಟತೀರಿ. ಮೊದಲಿಂದರ ಕಮಿಟ್‌ಗಳು (ದಾಖಲಾದ ಒಂದೊಂದು ಬದಲಾವಣೆ) ಸ್ಕ್ವಾಷ್ ಆಗಿ, ಅಂದ್ರ ಎಲ್ಲಾ ಒಂದಾಗಿ, ಮೇನ್ ಅನ್ನೂ ಮುಖ್ಯ ಬ್ರಾಂಚಿಗೆ ಮರ್ಜ್ ಆದಾಗ ಎರಡನೇದ್ರಾಗ ಕಾನ್‌ಫ್ಲಿಕ್ಟ್ ಬರತಾವ, ಯಾಕಂದ್ರ ಹಳೇ ಕಮಿಟ್‌ಗಳು ಮೇನ್‌ನೊಳಗ ಬ್ಯಾರೆ ಒಂದs ಕಮಿಟ್ ಆಗಿರತಾವ. ಸಾದಾ ರೀಬೇಸ್ (ಕಮಿಟ್‌ಗಳನ್ನ ಹೊಸ ತಳದ ಮ್ಯಾಲೆ ಕೂಡಸೂದು) ಮಾಡಬ್ಯಾಡ್ರಿ, "ಆನ್‌ಟು" ಆಯ್ಕೆ ಹಾಕಿ ಹಳೇ ಬ್ರಾಂಚಿನ ನಂತರದ ಕಮಿಟ್ ಅಷ್ಟ ಎತ್ತಿ ಮೇನ್ ಮ್ಯಾಲೆ ಕೂಡಸ್ರಿ. ಇದು ಗೊತ್ತಿಲ್ದ ಅರ್ಧಾ ದಿನ ಕಳಕೊಳ್ಳೋ ಇಂಟರ್ನ್‌ಗಳು ಭಾಳ.

ಇನ್ನೊಂದು. ಬ್ಯಾರೆದವ್ರ ಪಿಆರ್ ನೀವೂ ನೋಡ್ರಿ, ದಿನಕ್ಕ ಒಂದು. ಆ ಹುಡುಗಂದೂ ನೋಡ್ರಿ. ಸ್ಪೇಸ್ ತಪ್ಪು, ಹೆಸರು ತಪ್ಪು ಅಂತ ಇಪ್ಪತ್ತು ಕಮೆಂಟ್ ಹಾಕಿದ್ರ ಸೇಡು ಅಂತ ಓದತಾರ. "ಲಿಸ್ಟ್ ಖಾಲಿ ಇದ್ರ ಇಲ್ಲಿ ಏನಾಕ್ಕೈತಿ?" ಅನ್ನೂ ಒಂದ ಪ್ರಶ್ನೆ ಸಾಕು.

---

ಕುಡ್ಲದ_ಕಮಿಟ್

ಮಾರಾಯ್ರೆ, ಮೊದಲು ಲಾಗ್‌ನಲ್ಲಿ ನಿಮ್ಮ ಕಮಿಟ್ ಯಾವ ಇಮೇಲ್‌ನಲ್ಲಿ ಉಂಟು ಅಂತ ನೋಡಿ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಗಿಟ್ (ಕೋಡಿನ ಬದಲಾವಣೆ ದಾಖಲಿಸುವ ಸಾಧನ) ಕಾನ್ಫಿಗ್ ಮಾಡುವಾಗ ಕಾಲೇಜಿನ ಇಮೇಲ್ ಹಾಕಿ ಬಿಡುವವರು ಸುಮಾರು ಜನ. ಆ ಇಮೇಲ್ ನಿಮ್ಮ ಗಿಟ್‌ಹಬ್ ಖಾತೆಗೆ ಸೇರಿಸಿರದಿದ್ದರೆ ಕಮಿಟ್ ನಿಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ಇವತ್ತೇ ಸರಿ ಮಾಡಿ. ಹಳೆಯದ್ದನ್ನು ಸರಿ ಮಾಡಲಿಕ್ಕೆ ಅಂತ ಎಲ್ಲರೂ ಬಳಸುವ ಬ್ರಾಂಚಿನ ಇತಿಹಾಸ ತಿದ್ದಿ ಫೋರ್ಸ್ ಪುಶ್ (ಇದ್ದದ್ದರ ಮೇಲೆ ಒತ್ತಾಯದಿಂದ ಬರೆಯುವುದು) ಮಾತ್ರ ಮಾಡಬೇಡಿ. ಹಾಗೆ ಮಾಡಿದರೆ ಎಲ್ಲರ ಕಣ್ಣಿಗೆ ಬೀಳ್ತೀರಿ, ನೀವು ಬಯಸಿದ ರೀತಿಯಲ್ಲಿ ಅಲ್ಲ.

ಸೇರಿ ಮಾಡಿದ ಕೆಲಸದಲ್ಲಿ ಹೆಸರು ಹೋಗುವುದು ಹೆಚ್ಚಾಗಿ ಹೀಗೆ: ನೀವು ಫಂಕ್ಷನ್ ಬರೆದು ಚಾಟ್‌ನಲ್ಲಿ ಕಳಿಸ್ತೀರಿ, ಅವರು ಅಂಟಿಸಿ ಕಮಿಟ್ ಮಾಡ್ತಾರೆ. ಗಿಟ್‌ಗೆ ನೀವು ಯಾರು ಅಂತಲೇ ಗೊತ್ತಿಲ್ಲ. ಇದರಲ್ಲಿ ಕಳ್ಳತನದ ಉದ್ದೇಶ ಇರಲೇಬೇಕು ಅಂತ ಇಲ್ಲ, ದಾರಿಯೇ ಹಾಗೆ ಉಂಟು. ಆದ್ದರಿಂದ ಚಾಟ್‌ನಲ್ಲಿ ಕೋಡ್ ಕಳಿಸುವುದು ನಿಲ್ಲಿಸಿ, ಅದೇ ಬ್ರಾಂಚಿಗೆ ನೀವೇ ಪುಶ್ ಮಾಡಿ. ಆಮೇಲೆ ಗಿಟ್‌ಹಬ್‌ನಲ್ಲಿ ಸ್ಕ್ವಾಷ್ ಮರ್ಜ್ ಆದರೂ ಪಿಆರ್ ತೆರೆದವರು ಲೇಖಕ, ಒಳಗೆ ಕಮಿಟ್ ಇದ್ದ ಉಳಿದವರು ಸಹಲೇಖಕರು ಅಂತ ದಾಖಲಾಗ್ತದೆ. ಒಂದೇ ಲ್ಯಾಪ್‌ಟಾಪ್ ಎದುರು ಇಬ್ಬರೂ ಕೂತು ಮಾಡಿದ್ದಾದರೆ ಕಮಿಟ್ ಸಂದೇಶದ ಕೊನೆಗೆ ಒಂದು ಖಾಲಿ ಸಾಲು ಬಿಟ್ಟು "ಕೋ-ಆಥರ್ಡ್-ಬೈ" ಸಾಲು ಹಾಕಿ, ಹೆಸರು, ಆಮೇಲೆ ಕೋನದ ಆವರಣದಲ್ಲಿ ಇಮೇಲ್. ಇಮೇಲ್‌ನಲ್ಲಿ ಒಂದು ಅಕ್ಷರ ತಪ್ಪಿದರೂ ನಿಮ್ಮ ಖಾತೆಗೆ ಕೊಂಡಿ ಬೀಳುವುದಿಲ್ಲ.

ಈಗಾಗಲೇ ಮರ್ಜ್ ಆಗಿ ಹೋದದ್ದಕ್ಕೆ ಆ ಪಿಆರ್‌ನ ಕೆಳಗೆ ಸಾದಾ ಒಂದು ಕಮೆಂಟ್ ಹಾಕಿ: "ರೀಟ್ರೈ ಮತ್ತು ಬ್ಯಾಕ್‌ಆಫ್ ಭಾಗ ನಾನು ಬರೆದದ್ದು, ಬಗ್ ಬಂದರೆ ನನಗೆ ಹಾಕಿ." ಜವಾಬ್ದಾರಿ ತಗೊಂಡ ಹಾಗೂ ಆಯ್ತು, ದಾಖಲೆಯೂ ಆಯ್ತು.

---

ಗುರು_ಬಿಡಿ_ಇದೆಲ್ಲ

ಮೇಲು, ಗಿಟ್ಟು, ಏನ್ ಗುರು ಇದು? ಮ್ಯಾನೇಜರ್ ಜೊತೆ ದಿನಾ ಟೀಗೆ ಹೋಗು, ಕ್ರಿಕೆಟ್ ಮಾತಾಡು. ಪಿಪಿಒ ಸಿಗೋದೇ ಹಂಗೆ. ಅವನು ಮಾಡ್ತಿರೋದೂ ಅದೇ ಅಂತ ಬರ್ಕೊಡ್ತೀನಿ.

---

335ಇ_ಕಿಟಕಿ_ಸೀಟು

ಟೀ ಕುಡಿಯೋದ್ರಲ್ಲಿ ತಪ್ಪೇನಿಲ್ಲ, ಹೋಗಲಿ. ಆದ್ರೆ ಕ್ಯಾಲಿಬ್ರೇಷನ್‌ನಲ್ಲಿ ಕೂತಿರೋ ಉಳಿದ ನಾಲ್ಕು ಮ್ಯಾನೇಜರ್‌ಗಳು ಆ ಟೀ ಕುಡಿದಿರಲ್ಲ. ಅವರ ಪ್ರಶ್ನೆಗೆ ಕ್ರಿಕೆಟ್ ಉತ್ತರ ಆಗಲ್ಲ. ಟೀ ಮೇಜಿನಲ್ಲಿ ನಿಜವಾಗಿ ಸಿಗೋದು ಸುದ್ದಿ: ಮುಂದಿನ ಸ್ಪ್ರಿಂಟ್‌ನಲ್ಲಿ (ಕೆಲಸ ಹಂಚ್ಕೊಂಡು ಮುಗಿಸೋ ಕೆಲವು ವಾರಗಳ ಸುತ್ತು) ಏನು ಬರ್ತಿದೆ, ಯಾವ ಸಿಸ್ಟಮ್ ತಲೆನೋವಾಗಿದೆ. ಒಳ್ಳೆ ಟಿಕೆಟ್ ಮೊದಲೇ ಹೋಗೋದು ಇದರಿಂದಲೇ. ಊಟದ ಮೇಜಿನಲ್ಲಿ ಮಾತೆಲ್ಲ ಹಿಂದಿಯಲ್ಲಿ ನಡೀತಿದ್ರೆ, ಹಿಂದಿ ಬರದ ನಮ್ಮ ಹುಡುಗ್ರು ಎದ್ದು ಬೇರೆ ಕಡೆ ಕೂರ್ತಾರೆ, ಸುದ್ದಿ ಅಲ್ಲೇ ತಪ್ಪುತ್ತೆ. ಅಲ್ಲೇ ಕೂತು ಇಂಗ್ಲಿಷಲ್ಲೋ ಕನ್ನಡದಲ್ಲೋ ಒಂದು ಪ್ರಶ್ನೆ ಕೇಳಿ, ಮಾತು ನಿಮ್ಮ ಕಡೆ ತಿರುಗುತ್ತೆ.

---

ಒಗ್ಗರಣೆ_ಸದ್ದು

ಟಿಕೆಟ್ ವಿಷಯಕ್ಕೆ: ಪ್ಲಾನಿಂಗ್ ಮೀಟಿಂಗ್ ಶುರುವಾದ ಮೇಲೆ ಬೋರ್ಡ್ ನೋಡಿದ್ರೆ ತಡ ಆಯ್ತು. ಹಿಂದಿನ ಸಂಜೆ ಅರ್ಧ ಗಂಟೆ ಬ್ಯಾಕ್‌ಲಾಗ್ (ಇನ್ನೂ ಬಾಕಿ ಇರೋ ಟಿಕೆಟ್‌ಗಳ ಪಟ್ಟಿ) ಓದಿ, ಒಂದೇ ಒಂದು ಟಿಕೆಟ್ ಆರಿಸಿ, ಸಂಬಂಧಪಟ್ಟ ಕೋಡ್ ತೆರೆದು ನೋಡಿ, ಮೆಂಟರ್‌ಗೆ ಮೊದಲೇ ಬರೀರಿ: "430 ತಗೊಳ್ಳಲಾ? ಮೂರು ಫೈಲ್ ಬದಲಾಗುತ್ತೆ, ಎರಡು ದಿನ, ಟೆಸ್ಟ್ ಬರೆದದ್ದರಿಂದ ಆ ಭಾಗ ನಂಗೆ ಗೊತ್ತು." ಖಾಲಿ "ಒಳ್ಳೆ ಕೆಲಸ ಕೊಡಿ" ಅಂದ್ರೆ ಮೆಂಟರ್‌ಗೆ ಇನ್ನೊಂದು ಕೆಲಸ ಕೊಟ್ಟ ಹಾಗೆ.

ಆದ್ರೆ ಟೆಸ್ಟ್, ಪೈಪ್‌ಲೈನ್ ಕೆಲಸವನ್ನ ಕೀಳು ಅಂತ ಎಣಿಸಬೇಡಿ. ಹೊಸ ಫೀಚರ್ ಎಷ್ಟು ಜನ ಬಳಸ್ತಾರೋ ದೇವರಿಗೇ ಗೊತ್ತು. ಸುಮ್ಮನೆ ಫೇಲ್ ಆಗೋ ಟೆಸ್ಟ್ ಟೀಮಿನ ಪ್ರತಿಯೊಬ್ಬರನ್ನೂ ಕಾಡುತ್ತೆ, ಅದನ್ನ ನಿಲ್ಲಿಸಿದವರ ಹೆಸರು ಎಲ್ಲರಿಗೂ ನೆನಪಿರುತ್ತೆ. ಅಳತೆ ಮಾತ್ರ ಮೊದಲು ತಗೋಬೇಕು, ಸರಿ ಮಾಡಿದ ಮೇಲೆ "ಮುಂಚೆ ಎಷ್ಟಿತ್ತು" ಅಂತ ಹುಡುಕಿದ್ರೆ ಸಿಗಲ್ಲ. ಅನುಮಾನದ ಟೆಸ್ಟನ್ನ 50 ಸಲ ಓಡಿಸಿ, ಎಷ್ಟು ಸಲ ಬಿತ್ತು ಬರೆದಿಡಿ. ಕ್ರಮ ಬದಲಿಸಿ ಓಡಿಸಿ. ಆಗ ಮಾತ್ರ ಬಿದ್ರೆ ಟೆಸ್ಟ್‌ಗಳು ಡೇಟಾ ಹಂಚ್ಕೊಳ್ತಿವೆ. ಇಷ್ಟು ಸೆಕೆಂಡ್ ಕಾಯಿ ಅಂತ ಸ್ಲೀಪ್ ಹಾಕಿರೋ ಜಾಗ ಹುಡುಕಿ, ಸರ್ವರ್ ನಿಧಾನವಾದ ದಿನ ಅದು ಬೀಳುತ್ತೆ.

ಇನ್ನೊಂದು ತಮಾಷೆಯದು ಇದೆ: ರಾತ್ರಿ ಮಾತ್ರ ಬೀಳೋ ಟೆಸ್ಟ್. ಸರ್ವರ್ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ), ಟೆಸ್ಟ್ ಬರೆದವರು ಭಾರತೀಯ ಸಮಯದಲ್ಲಿ. ನಮ್ಮಲ್ಲಿ ಮಧ್ಯರಾತ್ರಿ 12ರಿಂದ ಬೆಳಗಿನ 5:30ರವರೆಗೆ ಯುಟಿಸಿಯಲ್ಲಿ ಇನ್ನೂ ನಿನ್ನೆಯ ತಾರೀಖು. "ಇವತ್ತಿನ ಆರ್ಡರ್" ಎಣಿಸೋ ಟೆಸ್ಟ್ ಆ ಐದೂವರೆ ಗಂಟೆ ಫೇಲ್, ಬೆಳಿಗ್ಗೆ ಆಫೀಸಿಗೆ ಬಂದು ನೋಡಿದ್ರೆ ಪಾಸ್. ಇಂಥದ್ದೊಂದು ಹಿಡಿದು, ಟೆಸ್ಟ್‌ನಲ್ಲಿ ಗಡಿಯಾರವನ್ನ ಒಂದು ನಿಗದಿ ಸಮಯಕ್ಕೆ ನಿಲ್ಲಿಸಿ, ಕಾರಣ ಎರಡು ಸಾಲಲ್ಲಿ ಚಾನೆಲ್‌ಗೆ ಹಾಕಿ.

ಡೆಮೊ ವಿಷಯ. ಅಲ್ಲೇ, ಆಗಲೇ, ಧ್ವನಿ ಏರಿಸದೆ: "ಇದಕ್ಕೆ ಒಂದು ಸೇರಿಸ್ತೀನಿ, ರೀಟ್ರೈ ಭಾಗ ನಾನು ಮಾಡಿದ್ದು, ಮೂರು ಸಲ ಆದ್ಮೇಲೆ ಯಾಕೆ ನಿಲ್ಸಿದೀವಿ ಅಂದ್ರೆ..." ಅಂತ ವಿಷಯಕ್ಕೆ ಹೋಗಿಬಿಡಿ. "ನಾನೂ ಮಾಡಿದ್ದೆ" ಅಂತ ನಿಲ್ಲಿಸಿದ್ರೆ ದೂರಿನ ಹಾಗೆ ಕೇಳುತ್ತೆ. ಒಳಗಿನ ವಿವರ ಹೇಳಿದ್ರೆ ಯಾರು ಬರೆದದ್ದು ಅಂತ ಯಾರೂ ಕೇಳೋದಿಲ್ಲ.

ಅವತ್ತು ತಪ್ಪಿತು ಅಂದ್ರೆ ಒಂದೆರಡು ದಿನದೊಳಗೆ ಆ ಹುಡುಗನ ಹತ್ರ ಐದು ನಿಮಿಷ ಮಾತಾಡಿ. ಚಾಟ್‌ನಲ್ಲಿ ಬೇಡ, ಸ್ಕ್ರೀನ್‌ಶಾಟ್ ಆಗಿ ತಿರುಗಾಡುತ್ತೆ. ಆ ಒಂದು ಡೆಮೊ ಬಗ್ಗೆ ಮಾತ್ರ: "ಮೊನ್ನೆ ರೀಟ್ರೈ ಭಾಗದಲ್ಲಿ ನನ್ನ ಹೆಸರು ಬರ್ಲಿಲ್ಲ. ಮುಂದಿನ ಸಲ ಆ ಭಾಗ ನಾನು ಹೇಳ್ತೀನಿ, ಮೊದಲರ್ಧ ನೀನು." "ನೀನು ಯಾವಾಗ್ಲೂ ಹೀಗೇ" ಅಂದ ತಕ್ಷಣ ಮಾತು ಹಳಿ ತಪ್ಪುತ್ತೆ. ಮುಂದಿನ ಡೆಮೊಗೆ ಎರಡು ದಿನ ಮುಂಚೆ ಯಾರು ಯಾವ ಭಾಗ ಅಂತ ಮೀಟಿಂಗ್ ಆಹ್ವಾನದಲ್ಲೇ ಬರೆದುಬಿಡಿ.

ಎರಡನೇ ಸಲವೂ ಹಾಗೇ ಆದ್ರೆ ಮೆಂಟರ್ ಹತ್ರ ಹೋಗಿ, ತಾರೀಖು, ಕೆಲಸ, ಲಿಂಕ್ ಇಷ್ಟೇ ಹಿಡ್ಕೊಂಡು. ಕೇಳೋದು ಶಿಕ್ಷೆ ಅಲ್ಲ, ಏರ್ಪಾಡು. "ಅವನು ಕದ್ದ" ಅಂದ್ರೆ ಮೆಂಟರ್ ವಿಚಾರಣೆ ಮಾಡಬೇಕು, ಇಬ್ಬರ ಮಾತೂ ಕೇಳಬೇಕು, ಅವರಿಗೆ ಬೇಡದ ತಲೆನೋವು, ಮುಂದಕ್ಕೆ ಹಾಕ್ತಾರೆ. "ಮುಂದಿನ ಡೆಮೊ ನಾನು ಕೊಡ್ಲಾ?" ಅಂದ್ರೆ ಅರ್ಧ ನಿಮಿಷದಲ್ಲಿ ಹೂಂ ಅಂತಾರೆ.

---

ಲೆಕ್ಕದ_ಪುಸ್ತಕ

ಸಿಎ ಆರ್ಟಿಕಲ್‌ಶಿಪ್ (ಆಡಿಟ್ ಕಚೇರಿಯ ತರಬೇತಿ) ಮಾಡೋರಿಗೂ ಇದೇ ಗೋಳು, ಅದಕ್ಕೆ ಒಂದು ಮಾತು. ಆಡಿಟ್ ದಾಖಲೆಯ ಮಾನದಂಡ ಎಸ್‌ಎ 230 ಪ್ರಕಾರ ಕೆಲಸ ಮಾಡಿದವರು ಯಾರು, ಯಾವತ್ತು ಮುಗೀತು, ಪರಿಶೀಲಿಸಿದವರು ಯಾರು ಅಂತ ವರ್ಕಿಂಗ್ ಪೇಪರ್‌ನಲ್ಲಿ ಇರಲೇಬೇಕು. ಸ್ಟಾಕ್ ವೆರಿಫಿಕೇಶನ್ ನೀವು ಮಾಡಿ ಶೀಟ್ ಮೇಲೆ ಸೀನಿಯರ್ ಆರ್ಟಿಕಲ್ ಹೆಸರು ಬಿದ್ರೆ, ಅದು ನಿಮ್ಮ ಬೇಸರದ ವಿಷಯ ಮಾತ್ರ ಅಲ್ಲ, ಫೈಲಿನ ದೋಷ. ಶೀಟ್ ಕೊಡೋ ಮುಂಚೆನೇ ಇನಿಷಿಯಲ್, ತಾರೀಖು ಹಾಕಿಬಿಡಿ. ಯಾರೂ ಅಳಿಸಲ್ಲ.

---

ಸೆಮಿಕೋಲನ್_ಮರೆತವ

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಎರಡು ಡೌಟ್. ಸ್ಟ್ಯಾಂಡಪ್‌ನಲ್ಲಿ ಇಂಗ್ಲಿಷ್ ತಡವರಿಸುತ್ತೆ, ಅವನು ಎರಡು ನಿಮಿಷ ಓತಪ್ರೋತ ಮಾತಾಡ್ತಾನೆ. ಇನ್ನೊಂದು, ಸಾಕ್ಷಿಗೆ ಅಂತ ಚಾಟ್, ಕೋಡ್‌ನ ಸ್ಕ್ರೀನ್‌ಶಾಟ್ ನನ್ನ ಜಿಮೇಲ್‌ಗೆ ಕಳಿಸ್ಕೊಂಡ್ರೆ ಆಗುತ್ತಾ?

---

ಕುಡ್ಲದ_ಕಮಿಟ್

ಎರಡನೇದಕ್ಕೆ ಖಡಾಖಂಡಿತವಾಗಿ ಬೇಡ. ಸೇರುವಾಗ ಸಹಿ ಹಾಕಿದ ಗೋಪ್ಯತೆ ಒಪ್ಪಂದ ತೆಗೆದು ಓದಿ. ಕಂಪನಿಯ ಕೋಡ್ ಸ್ವಂತ ಖಾತೆಗೆ ಹೋದರೆ ಎಚ್ಚರಿಸುವ ಸಾಫ್ಟ್‌ವೇರ್ ಬಹಳಷ್ಟು ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಉಂಟು. ಪಿಪಿಒ ಅಲ್ಲ, ಇಂಟರ್ನ್‌ಶಿಪ್ಪೇ ಅವತ್ತಿಗೆ ಮುಗೀತದೆ. ಲಿಂಕ್ ಮತ್ತು ತಾರೀಖನ್ನು ಕಂಪನಿಯ ನೋಟ್ಸ್‌ನಲ್ಲೇ ಇಡಿ. ಸ್ವಂತ ಪುಸ್ತಕದಲ್ಲಿ ಬೇಕಿದ್ದರೆ ಕೋಡ್ ಇಲ್ಲದೆ, ಗ್ರಾಹಕರ ಹೆಸರಿಲ್ಲದೆ, "ವಾರ 9, ಟೆಸ್ಟ್ ವೇಗ ಹೆಚ್ಚಿಸಿದೆ" ಅಷ್ಟೇ.

---

ಒಗ್ಗರಣೆ_ಸದ್ದು

ಸ್ಟ್ಯಾಂಡಪ್ ಅಂದ್ರೆ ಇಡೀ ಟೀಮಿಗೆ ಸೇರಿ 15 ನಿಮಿಷ. ಎರಡು ನಿಮಿಷ ಮಾತಾಡೋರನ್ನ ಮೂರನೇ ವಾಕ್ಯದ ಮೇಲೆ ಯಾರೂ ಕೇಳ್ತಿರಲ್ಲ. ನಿಮಗೆ ಮೂರು ವಾಕ್ಯ ಸಾಕು, ಹತ್ತು ನಿಮಿಷ ಮುಂಚೆ ಬರೆದು ಚಾನೆಲ್‌ಗೂ ಹಾಕಿ, ಅದನ್ನೇ ಓದಿ. ಮೊದಲ ವಾಕ್ಯದಲ್ಲಿ ಮುಗಿದದ್ದು, ಟಿಕೆಟ್ ನಂಬರ್ ಸಮೇತ. ಎರಡನೇದ್ರಲ್ಲಿ ಇವತ್ತಿನದು. ಮೂರನೇದ್ರಲ್ಲಿ ಅಡ್ಡಿ, ಯಾರಿಂದ ಏನು ಬೇಕು. "ಇನ್ನೂ ಅದರ ಮೇಲೆ ಕೆಲಸ ಮಾಡ್ತಿದೀನಿ" ಅಂತ ಮೂರು ದಿನ ಹೇಳಿದ್ರೆ ಒಳ್ಳೆ ಇಂಗ್ಲಿಷ್ ಇದ್ರೂ ಉಪಯೋಗ ಇಲ್ಲ.

---

ಬೆಳಗಿನ_ಜಾವದ_ಬಿಲ್ಡ್

ಯಾರೂ ಹೇಳ್ಲಿಲ್ಲ ಅಂತ ಎರಡು ವಿಷಯ. ಜೊತೆಗಾರನ ಪೈಪೋಟಿ ಬೇರೆ, ಕಿರುಕುಳ ಬೇರೆ. ಮಾತು ಮೈ ಬಗ್ಗೆ, ಲೈಂಗಿಕ ಅರ್ಥದ ಕಡೆ ಹೋದ್ರೆ 2013ರ ಪಾಶ್ ಕಾಯ್ದೆಯಲ್ಲಿ (ಕೆಲಸದ ಜಾಗದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯೋ ಕಾನೂನು) ನೌಕರರು ಅನ್ನೋದಕ್ಕೆ ಟ್ರೈನಿ, ಅಪ್ರೆಂಟಿಸ್ ಕೂಡ ಸೇರ್ತಾರೆ. ಹೆಣ್ಣುಮಕ್ಕಳು "ನಾನು ಬರೀ ಇಂಟರ್ನ್" ಅಂತ ಸುಮ್ಮನಿರಬೇಕಿಲ್ಲ. ಹತ್ತು ಅಥವಾ ಹೆಚ್ಚು ಜನ ಇರೋ ಕಡೆ ಆಂತರಿಕ ಸಮಿತಿ ಇರಲೇಬೇಕು, ದೂರು ಸಾಮಾನ್ಯವಾಗಿ ಮೂರು ತಿಂಗಳೊಳಗೆ, ಬರವಣಿಗೆಯಲ್ಲಿ.

ಇನ್ನೊಂದು, ಎರಡು ವಾರ ಸರಿಯಾಗಿ ನಿದ್ದೆ ಇಲ್ಲ, ಅನ್ನ ಸೇರ್ತಿಲ್ಲ ಅಂದ್ರೆ ಅದನ್ನ ಪೈಪೋಟಿ ಅಂತ ತಳ್ಳಿಹಾಕಬೇಡಿ. ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ), 14416, ಉಚಿತ, ಕನ್ನಡದಲ್ಲೇ ಮಾತಾಡ್ಬಹುದು. ಲಿಂಕ್ಡ್‌ಇನ್‌ನಲ್ಲಿ ಅವನ ಪೋಸ್ಟ್ ಕಾಣದ ಹಾಗೆ ಅನ್‌ಫಾಲೋ ಮಾಡಿದ್ರೆ ಅವನಿಗೆ ಸೂಚನೆಯೂ ಹೋಗಲ್ಲ.

ಪ್ಲೇಸ್‌ಮೆಂಟ್ ಸೆಲ್‌ಗೂ ಈಗಲೇ ಒಂದು ಮೇಲ್ ಹಾಕಿ: ಇಂಟರ್ನ್‌ಶಿಪ್‌ನಲ್ಲಿರೋರು ಬೇರೆ ಡ್ರೈವ್‌ಗೆ ಕೂರಬಹುದಾ, ಪಿಪಿಒ ಇಲ್ಲ ಅಂತಾದ್ರೆ ಎಷ್ಟು ದಿನದಲ್ಲಿ ತಿಳಿಸಬೇಕು. ಕಾಲೇಜಿಂದ ಕಾಲೇಜಿಗೆ ನಿಯಮ ಬೇರೆ. ಜೂನ್‌ನಲ್ಲಿ ಕೇಳಿದ್ರೆ ಡ್ರೈವ್‌ಗಳೆಲ್ಲ ಮುಗಿದಿರುತ್ತೆ.

---

ಸೆಮಿಕೋಲನ್_ಮರೆತವ

ಕೊನೇದು. ಮಿಡ್ ರಿವ್ಯೂನಲ್ಲಿ "ಚೆನ್ನಾಗ್ ಮಾಡ್ತಿದೀಯ, ಹೀಗೇ ಮುಂದುವರಿಸು" ಅಂದ್ರೆ ಏನಂತ ಅರ್ಥ?

---

335ಇ_ಕಿಟಕಿ_ಸೀಟು

ಏನೂ ಅರ್ಥ ಇಲ್ಲ, ಅದಕ್ಕೇ ಅಪಾಯ. ನಕ್ಕೊಂಡು ಎದ್ದು ಬರಬೇಡಿ. "ಇವತ್ತೇ ನಿರ್ಧಾರ ಬರೀಬೇಕಿದ್ರೆ ನನ್ನ ಬಗ್ಗೆ ಏನು ಬರೀತಿದ್ರಿ?" ಅಂತ ಕೇಳಿ. ತಡವರಿಸಿದ್ರೆ ಅವರ ಹತ್ರ ಮಾಹಿತಿ ಇಲ್ಲ, ಶುಕ್ರವಾರದ ಮೇಲ್‌ಗಳನ್ನ ಅಲ್ಲೇ ತೆಗೆದು ತೋರಿಸಿ. "ಇನ್ನೂ ಸ್ವಂತವಾಗಿ ಮಾಡೋದು ಬರಬೇಕು" ಅಂದ್ರೆ, "ಯಾವ ಕೆಲಸ ಒಬ್ಬನೇ ಮುಗಿಸಿದ್ರೆ ಅದು ಬಂತು ಅಂತ ಲೆಕ್ಕ?" ಅಂತ ಟಿಕೆಟ್ ಮಟ್ಟಕ್ಕೆ ಇಳಿಸಿ. ಅವತ್ತೇ ಸಂಜೆ ಮೂರು ಸಾಲಿನ ಮೇಲ್: ನೀವು ಹೇಳಿದ್ದು ಇದು, ನಾನು ತಗೊಂಡ ಟಿಕೆಟ್ ಇದು, ಹದಿನೆಂಟನೇ ವಾರದಲ್ಲಿ ಮತ್ತೆ ಹದಿನೈದು ನಿಮಿಷ ಕೊಡಿ. ಕೊನೆ ರಿವ್ಯೂಗೆ ಹತ್ತಿರ ಕೇಳಿದ್ರೆ ತಿದ್ದೋಕೆ ಟೈಮ್ ಇರಲ್ಲ.

---

ಸೆಮಿಕೋಲನ್_ಮರೆತವ

ಸರಿ ಸರ್. ಗಿಟ್‌ನಲ್ಲಿ ನೋಡ್ದೆ, ಇಮೇಲ್ ಕಾಲೇಜಿಂದೇ ಇತ್ತು 😐 ಬದಲಾಯಿಸಿದೆ. ಪಿಆರ್ 87 ತೆಗೆದು ನೋಡಿದ್ರೆ 740 ಸಾಲು. ಒಡೆದು ನಾಲ್ಕು ಮಾಡ್ತಿದೀನಿ, ಮೊದಲನೇದು ನಾಳೆ ಸ್ಟ್ಯಾಂಡಪ್ ಆದ್ಮೇಲೆ ಹಾಕ್ತೀನಿ.